ಅಕೀಬನನ್ನು ಕಡ ಪಡೆಯುವ ಕುರಿತು

ಸಂಖ್ಯೆ: ಆಟಿಕೆ/ಪೆಟ್ಟಿಗೆ/ದೊಡ್ಡ ಮಕ್ಕಳು/೧೭-ಬಿ
ದಿನಾಂಕ: ೯-೨-೨೦೨೬, ಸೋಮವಾರ, ಸಂಜೆ ೫ ಗಂಟೆ

ಸುತ್ತೋಲೆ

ವಿಷಯ: ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಹತ್ತು ವರ್ಷ ಮೀರಿದ ಮಕ್ಕಳು ಮೊಬೈಲಿನ ಈ ಕಾಲದಲ್ಲಿಯೂ ಆಟಿಕೆ ಆಡುತ್ತಿರುವ ಬಗ್ಗೆ, ಆಡಿಯೂ ಆಡುತ್ತಿಲ್ಲವೆಂದು ಹೇಳುತ್ತಿರುವ ಬಗ್ಗೆ, ಹಾಗೂ ಆ ಸಲುವಾಗಿ ಅಕೀಬ ಎಂಬ ನಾಲ್ಕು ವರ್ಷದ ಬಾಲಕನನ್ನು ಕಡ ಪಡೆಯುವುದನ್ನು ನಿಯಂತ್ರಿಸುವ ಬಗ್ಗೆ.

ಓದಲಾದ ಕಾಗದಗಳು:
೧) ಈ ಕಚೇರಿಯ ಸುತ್ತೋಲೆ ೧೭ (ಯಾರಿಗೂ ತಲುಪಿರುವುದಿಲ್ಲ).
೨) ಸುತ್ತೋಲೆ ೧೭ ಏಕೆ ತಲುಪಲಿಲ್ಲವೆಂದು ಕೇಳಿದ ಸುತ್ತೋಲೆ ೧೭-ಎ (ಅದೂ ತಲುಪಿರುವುದಿಲ್ಲ).
೩) ಹತ್ತಿಮತ್ತೂರು ಆಟಿಕೆ ಕೇಂದ್ರದ ಮೇಲ್ವಿಚಾರಕ ಉಳಿವೆಪ್ಪ ಇವರು ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಪತ್ರ.
೪) ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಜನವರಿ ೨೪ರಂದು ಖುದ್ದಾಗಿ ನಡೆಸಿದ ತಪಾಸಣೆ.

ಪೀಠಿಕೆ:

ಮೊಬೈಲು ಬಂದ ಮೇಲೆ ದೊಡ್ಡ ಮಕ್ಕಳು ಆಟಿಕೆ ಮುಟ್ಟುವುದಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿಯಾಗಿದ್ದು, ಎಲ್ಲರೂ ಬಲ್ಲ ಸಂಗತಿಯನ್ನು ಸಮೀಕ್ಷೆ ನಡೆಸಿ ಪುನಃ ತಿಳಿದುಕೊಳ್ಳುವುದು ಈ ಇಲಾಖೆಯ ಪದ್ಧತಿಯಾಗಿರುತ್ತದೆ. ಅದರಂತೆ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ೧,೩೧೨ ಮಕ್ಕಳನ್ನು ತರಗತಿಯಲ್ಲಿ ಎಲ್ಲರ ಎದುರಿಗೇ ನಿಲ್ಲಿಸಿ, ಆಟಿಕೆ ಆಡುವವರು ಕೈ ಎತ್ತಬೇಕೆಂದು ಕೇಳಲಾಯಿತು. ಹಾನಗಲ್ ತಾಲ್ಲೂಕಿನಲ್ಲಿ ಒಂದು ಕೈ ಮೇಲೆದ್ದಿತು. ವಿಚಾರಿಸಲಾಗಿ, ಆ ಬಾಲಕನು ಮೂತ್ರಕ್ಕೆ ಹೋಗಲು ಅನುಮತಿ ಕೇಳಿದ್ದಾಗಿ ತಿಳಿದುಬಂದಿತು. ಹೀಗಾಗಿ ಆಡುವವರ ಸಂಖ್ಯೆ ಸೊನ್ನೆ ಎಂದು ನಮೂದಿಸಲಾಯಿತು.

ಆಡುವವರೇ ಇಲ್ಲವೆಂದ ಮೇಲೆ ತಾಲ್ಲೂಕಿಗೆ ಒಂದರಂತೆ ಇಟ್ಟಿರುವ ನಾಲ್ಕು ಆಟಿಕೆ ಪೆಟ್ಟಿಗೆಗಳನ್ನು ಹಿಂಪಡೆದು ಉಗ್ರಾಣಕ್ಕೆ ಸೇರಿಸಲು ತೀರ್ಮಾನಿಸಲಾಯಿತು. ಈ ಪೆಟ್ಟಿಗೆಗಳು ಹಾನಗಲ್ ಪಟ್ಟಣ, ಹುಲಗೂರು, ಹತ್ತಿಮತ್ತೂರು ಮತ್ತು ಹಿರೇಕೆರೂರಿನಲ್ಲಿರುತ್ತವೆ. ಇವುಗಳನ್ನು ಒಯ್ಯಲು ಜಾವೇದ ಎಂಬವರ ಟೆಂಪೋವನ್ನು ನಾಳೆ, ಅಂದರೆ ಫೆಬ್ರುವರಿ ೧೦ರ ಬೆಳಿಗ್ಗೆಗೆ ಗೊತ್ತುಪಡಿಸಲಾಗಿದೆ. ಆದರೂ ಇಲಾಖೆಯು ಕಲ್ಲುಹೃದಯದ್ದಲ್ಲವಾದ್ದರಿಂದ ಒಂದು ಅವಕಾಶವನ್ನು ನೀಡಲಾಯಿತು: ನಾಲ್ಕು ಕೇಂದ್ರಗಳ ಪೈಕಿ ಎಲ್ಲಿಯಾದರೂ ಸರಿ, ಹತ್ತು ವರ್ಷ ಮೀರಿದ ಇಬ್ಬರು ಇಂದು ಸಂಜೆ ಐದರೊಳಗೆ "ನಾನು ಆಟಿಕೆ ಆಡುತ್ತೇನೆ" ಎಂದು ನಮೂನೆ ೯ರಲ್ಲಿ ಬರೆದು ಸಹಿ ಮಾಡಿಕೊಟ್ಟಲ್ಲಿ ನಾಲ್ಕೂ ಪೆಟ್ಟಿಗೆಗಳು ಇದ್ದಲ್ಲೇ ಇರತಕ್ಕದ್ದು.

ಈ ನಡುವೆ ಉಳಿವೆಪ್ಪ ಇವರ ಪತ್ರವು ತಲುಪಿತು. ಅದರ ಪೂರ್ಣ ಪಾಠ ಹೀಗಿರುತ್ತದೆ: "ಪೆಟ್ಟಿಗಿ ಒಯ್ಯಬ್ಯಾಡ್ರಿ. ದೊಡ್ಡ ಹುಡುಗ್ರು ಯಾರೂ ಆಡೂದಿಲ್ಲ ಅಂತ ನಾನ ಬರದ ಕೊಟ್ಟೇನಿ, ಖರೆ. ಆದ್ರ ದಿನಾ ಆಡ್ತಾರ್ರಿ. ಹೆಸರು ಬರ್ಕೋತೇನಿ ಅಂದ್ರ ಓಡಿ ಹೋಗ್ತಾರ್ರಿ. ನೀವ ಬಂದು ನೋಡ್ರಿ."

ಮೇಲ್ವಿಚಾರಕರು ಬಂದು ನೋಡಿರೆಂದು ಬರೆಯುವುದು ಸೇವಾ ನಿಯಮಗಳಿಗೆ ವಿರುದ್ಧವಾಗಿದ್ದರೂ, ಬಂದು ನೋಡಲಾಯಿತು.

ತಪಾಸಣೆಯಲ್ಲಿ ಕಂಡುಬಂದ ಅಂಶಗಳು:

ಹತ್ತಿಮತ್ತೂರಿನ ಕೇಂದ್ರವು ಹಿಟ್ಟಿನ ಗಿರಣಿಯ ಪಕ್ಕದ ಬಾಡಿಗೆ ಕೋಣೆಯಲ್ಲಿರುತ್ತದೆ. ಅಲ್ಲಿನ ಹಾಜರಿ ಪುಸ್ತಕದಲ್ಲಿ ಜನವರಿ ೧ರಿಂದ ತಪಾಸಣೆಯ ದಿನದವರೆಗೆ ಒಂದೇ ಹೆಸರಿದ್ದು, ಅದು ಅಕೀಬನದಾಗಿರುತ್ತದೆ. ಆ ತಿಂಗಳ ಒಂದು ಶುಕ್ರವಾರ ಸಂಜೆ ನಾಲ್ಕೂವರೆಗೆ ಸದರಿ ಬಾಲಕನು ಬುಗುರಿ, ಗೋಲಿಗುಂಡು ಮತ್ತು ಮರದ ಚಕ್ಕಡಿಯನ್ನು ಏಕಕಾಲಕ್ಕೆ ಆಡಿದ್ದಲ್ಲದೆ, ಬಟ್ಟೆಗೊಂಬೆಗೆ ನಾಲ್ಕೆಳೆಯ ಜಡೆಯನ್ನೂ ಹೆಣೆದಿರುವುದಾಗಿ ದಾಖಲಾಗಿರುತ್ತದೆ. ಅಕೀಬನಿಗೆ ಇನ್ನೂ ತನ್ನ ಚಪ್ಪಲಿಯ ಎಡಬಲ ತಿಳಿದಿರುವುದಿಲ್ಲ.

ಕೂಲಂಕಷವಾಗಿ ವಿಚಾರಿಸಲಾಗಿ ತಿಳಿದದ್ದೇನೆಂದರೆ, ಆ ಓಣಿಯಲ್ಲಿ ದೊಡ್ಡ ಮಕ್ಕಳು ಆಡಬೇಕೆಂದಾಗ ಒಂದು ಚಿಕ್ಕ ಮಗುವನ್ನು ಎತ್ತಿಕೊಂಡು ಬರುವ ರೂಢಿಯಿದೆ. ಯಾರಾದರೂ ಕೇಳಿದರೆ ಮಗುವನ್ನು ಆಡಿಸಲು ಬಂದಿರುವುದಾಗಿ ಹೇಳಲಾಗುತ್ತದೆ. ಸ್ವಂತ ತಮ್ಮ ತಂಗಿಯರಿಲ್ಲದವರು ಅಕೀಬನನ್ನು ಅವನ ಅಕ್ಕ, ಒಂಬತ್ತನೇ ತರಗತಿಯ ಕೌಸರಳಿಂದ ಕಡ ಪಡೆಯುತ್ತಾರೆ. ಕಡ ಬಂದ ಅಕೀಬನು ಅಳದಿರಲೆಂದು ಅವನ ಕೈಗೆ ಮೊಬೈಲು ಕೊಟ್ಟು ಗೋಣಿಚೀಲದ ಮೇಲೆ ಕೂಡಿಸಲಾಗುತ್ತದೆ. ಹೀಗೆ ಮೊಬೈಲು ಚಿಕ್ಕವನ ಕೈಯಲ್ಲೂ ಆಟಿಕೆ ದೊಡ್ಡವರ ಕೈಯಲ್ಲೂ ಇರುವುದು ಇಲಾಖೆಯ ಸಮೀಕ್ಷೆಗೆ ತದ್ವಿರುದ್ಧವಾಗಿದ್ದು, ಇದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

ಸ್ಥಳದಲ್ಲಿದ್ದ, ಹತ್ತನೇ ತರಗತಿಯ, ಮೀಸೆ ಚಿಗುರುತ್ತಿರುವ ಚನ್ನೇಶನು ಈ ಕೆಳಗಿನ ಹೇಳಿಕೆ ನೀಡಿರುತ್ತಾನೆ: "ನಾ ಆಡಾಕ ಬಂದಿಲ್ರಿ. ಈ ಹುಡುಗನ್ನ ನೋಡ್ಕೊಳ್ಳಾಕ ಬಂದೇನಿ." ಹುಡುಗನ ಹೆಸರೇನೆಂದು ಕೇಳಲಾಗಿ ಕೌಸರಳ ಕಡೆ ನೋಡಿರುತ್ತಾನೆ. ಹೇಳಿಕೆ ನೀಡುವಾಗ ಅವನ ಅಂಗೈಯಲ್ಲಿ ಬುಗುರಿ ತಿರುಗುತ್ತಿತ್ತು.

ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ರಸ್ತೆಯನ್ನು ಬರೆಯಲಾಗಿದೆ. ಬಾಗಿಲ ಹೊಸ್ತಿಲು ಹತ್ತಿಮತ್ತೂರು. ಮುಂದೆ ಸವಣೂರು; ಅಲ್ಲಿನ ಹೆಸರಾಂತ ದೊಡ್ಡಹುಣಸೆ ಮರದ ಬದಲಿಗೆ ಕಸಬರಿಗೆಯನ್ನು ತಲೆಕೆಳಗಾಗಿ ನಿಲ್ಲಿಸಲಾಗಿದೆ. ನಂತರ ಶಿಗ್ಗಾವಿ, ಹಾನಗಲ್, ಕೊನೆಗೆ ಎದುರಿನ ಗೋಡೆಯ ಕ್ಯಾಲೆಂಡರಿನ ಕೆಳಗೆ ಹಿರೇಕೆರೂರು. ಈ ರಸ್ತೆಯಲ್ಲಿ ಮರದ ಚಕ್ಕಡಿಯು ವೀಳ್ಯದೆಲೆಯ ಹೇರು ಹೊತ್ತು ದಿನಕ್ಕೆ ಒಂದು ಗೇಣಿನಂತೆ ಸಾಗುತ್ತದೆ. ಚಕ್ಕಡಿ ಹೊಡೆಯುವವಳು ಕೌಸರ. ಒಂದು ಗೇಣಿಗಿಂತ ಹೆಚ್ಚು ಹೊಡೆಯುವಂತಿಲ್ಲ, ಏಕೆಂದರೆ ಎತ್ತುಗಳಿಗೆ ನೀರು ಕುಡಿಸಬೇಕು, ಎಲೆಗೆ ನೀರು ಚಿಮುಕಿಸಬೇಕು, ಆ ದಿನ ಮುಟ್ಟಿದ ಊರಿನ ಸುದ್ದಿಯನ್ನು ಉಳಿದವರಿಗೆ ಹೇಳಬೇಕು.

ಗಾಲಿಯ ಅಚ್ಚು ಸವೆದಿದೆ ಎಂಬ ದೂರಿದ್ದ ಕಾರಣ ಕೆಳಗೆ ಸಹಿ ಮಾಡಿರುವ ಅಧಿಕಾರಿಯು ನೆಲದ ಮೇಲೆ ಕುಳಿತು ಚಕ್ಕಡಿಯ ತಾಂತ್ರಿಕ ಪರಿಶೀಲನೆಯನ್ನು ಕೈಗೊಂಡರು. ಪರಿಶೀಲನೆಗೆ ನಲವತ್ತು ನಿಮಿಷ ಹಿಡಿಯಿತು. ಜೀಪಿನ ಚಾಲಕರು ಮೂರು ಸಲ ಹಾರ್ನ್ ಮಾಡಿದ್ದು ದಾಖಲೆಯಲ್ಲಿದೆ. ಆ ಅವಧಿಯಲ್ಲಿ ಚಕ್ಕಡಿ ಎರಡು ಗೇಣು ಮುಂದೆ ಹೋಗಿದ್ದರಿಂದ ಕೌಸರ ಆಕ್ಷೇಪಣೆ ಸಲ್ಲಿಸಿದಳು: "ಹಂಗ ಓಡಸಬ್ಯಾಡ್ರಿ ಮೇಡಂ, ಎತ್ತು ದಣೀತಾವ." ಆಕ್ಷೇಪಣೆಯನ್ನು ಎತ್ತಿಹಿಡಿದು ಚಕ್ಕಡಿಯನ್ನು ಒಂದು ಗೇಣು ಹಿಂದಕ್ಕೆ ತರಲಾಯಿತು.

ಅಕೀಬನನ್ನೂ ವಿಚಾರಿಸಲಾಯಿತು. ಅವನು ಮೊಬೈಲಿನಿಂದ ತಲೆ ಎತ್ತಿ, ತನ್ನ ಅಕ್ಕನ ಕಡೆ ಬೆರಳು ತೋರಿಸಿ, "ಆಪಾ ನನಗ ಚಕ್ಕಡಿ ಮುಟ್ಟಗೊಡೂದಿಲ್ಲ" ಎಂದಿರುತ್ತಾನೆ. ಈ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಿಕೊಳ್ಳಲಾಗಿದೆ.

ಸದರಿ ಅಂಶಗಳ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಿದೆ:

೧. ಒಬ್ಬ ಅಕೀಬನ ಹೆಸರಿನ ಮೇಲೆ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ದೊಡ್ಡ ಮಕ್ಕಳು ಆಡತಕ್ಕದ್ದಲ್ಲ. ಬೇರೆ ಊರುಗಳಲ್ಲಿ ಈ ಕೆಲಸಕ್ಕೆ ಬಳಕೆಯಾಗುತ್ತಿರುವ ಮಗುವನ್ನು, ಅದರ ಹೆಸರು ಏನೇ ಇರಲಿ, ಈ ನಿಯಮಗಳ ಉದ್ದೇಶಕ್ಕಾಗಿ ಅಕೀಬ ಎಂದೇ ಪರಿಗಣಿಸತಕ್ಕದ್ದು.

೨. ಕಡ ಪಡೆದ ಮಗುವನ್ನು ದೀಪ ಹಚ್ಚುವ ಹೊತ್ತಿನೊಳಗೆ, ಮುಖ ತೊಳೆದು, ಎರಡೂ ಚಪ್ಪಲಿಗಳ ಸಮೇತ ಹಿಂತಿರುಗಿಸತಕ್ಕದ್ದು. ಒಯ್ದ ಮಗುವನ್ನೇ ಹಿಂತಿರುಗಿಸತಕ್ಕದ್ದು.

೩. "ನೋಡ್ಕೊಳ್ಳಾಕ ಬಂದೇನಿ" ಎಂದು ಹೇಳಿಕೆ ನೀಡುವವರು ಹತ್ತು ನಿಮಿಷಕ್ಕೊಮ್ಮೆಯಾದರೂ ಮಗುವಿನ ಕಡೆ ನೋಡತಕ್ಕದ್ದು. ಅದರ ಹೆಸರನ್ನು ಬಾಯಿಪಾಠ ಮಾಡಿರತಕ್ಕದ್ದು.

೪. ಸಹಪಾಠಿಗಳು ಬರುವುದನ್ನು ಕಂಡು ಬುಗುರಿಯನ್ನು ಪ್ಯಾಂಟಿನ ಕಿಸೆಗೆ ಮೊಳೆ ಮೇಲಾಗಿ ತುರುಕುವುದನ್ನು ನಿಷೇಧಿಸಿದೆ. ಕಾರಣವನ್ನು ಚನ್ನೇಶನಲ್ಲಿ ವಿಚಾರಿಸಬಹುದು. ಅಂತಹ ತುರ್ತು ಸಂದರ್ಭಗಳಿಗಾಗಿ ಪ್ರತಿ ಕೇಂದ್ರದಲ್ಲಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕವೊಂದನ್ನು ತೆರೆದಿಡಲಾಗುವುದು. ಅದನ್ನು ಓದುವ ಅಗತ್ಯವಿರುವುದಿಲ್ಲ. ನೆಟ್ಟಗೆ ಹಿಡಿದರೆ ಸಾಕು.

೫. ಧ್ವನಿ ಒಡೆದ ಬಾಲಕರು ಬಾಯಿಯಿಂದ ಬಸ್ಸಿನ ಸದ್ದು ಮಾಡುವ ಮುನ್ನ ಮೇಲ್ವಿಚಾರಕರ ಅನುಮತಿ ಪಡೆಯತಕ್ಕದ್ದು. ಜನವರಿ ೨೪ರಂದು ಚನ್ನೇಶನು ಮಾಡಿದ ಹುಬ್ಬಳ್ಳಿ ಬಸ್ಸಿನ ಸದ್ದು ಕೇಳಿ, ಗಿರಣಿಯಲ್ಲಿ ಸರದಿ ಕಾಯುತ್ತಿದ್ದ ಹಾಜರಾಬಿ ಇವರು ಜೋಳದ ಚೀಲವನ್ನು ಎತ್ತಿಕೊಂಡು ರಸ್ತೆಗೆ ಓಡಿಬಂದು, "ಬಸ್ ಹೋತನ್ರಿ?" ಎಂದು ಅಧಿಕಾರಿಯನ್ನೇ ಕೇಳಿರುತ್ತಾರೆ. ಸದ್ದಿನ ಗುಣಮಟ್ಟ ಉತ್ತಮವಾಗಿತ್ತೆಂಬುದರಲ್ಲಿ ಇಲಾಖೆಗೆ ಸಂಶಯವಿಲ್ಲ.

೬. ಆಟಿಕೆ ಆಡಿ ನಗುತ್ತಿರುವಾಗ ಹಿರಿಯರು ಬಂದಲ್ಲಿ, ಮೊಬೈಲು ನೋಡಿ ನಗುತ್ತಿದ್ದೆವೆಂದು ನಟಿಸುವುದು ಕಂಡುಬಂದಿದೆ. ಇನ್ನು ಮುಂದೆ ಹೀಗೆ ನಟಿಸುವಾಗ ಮೊಬೈಲು ಚಾಲೂ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

೭. ಗೊಂಬೆಗೆ ಜಡೆ ಹೆಣೆಯುವುದು ಹುಡುಗಿಯರ ಕೆಲಸವೆಂದು ಹೇಳುತ್ತಿದ್ದ ಬಾಲಕನೇ ಆ ನಾಲ್ಕೆಳೆಯ ಜಡೆಯನ್ನು ಹೆಣೆದವನೆಂದು ಗೊತ್ತಾಗಿದೆ. ಅವನ ಹೆಸರನ್ನು ಗೋಪ್ಯವಾಗಿ ಇಡಲಾಗಿದೆ. ಜಡೆಯನ್ನು ಬಿಚ್ಚತಕ್ಕದ್ದಲ್ಲ.

೮. ನಮೂನೆ ೯ರ ಸ್ಥಿತಿಗತಿ: ಹಾನಗಲ್, ಹುಲಗೂರು ಮತ್ತು ಹಿರೇಕೆರೂರು ಕೇಂದ್ರಗಳಿಂದ ಒಂದೂ ಬಂದಿರುವುದಿಲ್ಲ. ಚನ್ನೇಶನು ನಮೂನೆಯನ್ನು ಇಸಿದುಕೊಂಡು, ಮನೆಯಲ್ಲಿ ಕೇಳಿ ಬರುವುದಾಗಿ ಹೇಳಿ ಹೋದವನು ಇಂದಿನವರೆಗೂ ಬಂದಿಲ್ಲ. ಅವನ ತರಗತಿಯ ಹುಡುಗರಿಗೆ ವಿಷಯ ಗೊತ್ತಾದರೆ ಏನಾಗುವುದೆಂದು ಇಲಾಖೆಯೂ ಊಹಿಸಬಲ್ಲದು. ಆದ್ದರಿಂದ ಅವನ ಮೇಲೆ ಕ್ರಮವಿಲ್ಲ.

ಕೌಸರಳ ನಮೂನೆಯು ಶನಿವಾರ ಬಂದಿರುತ್ತದೆ. ಎರಡು ಸಾಲಿನ ಜಾಗ ಸಾಲದೆ ಆಕೆಯು ಹಾಳೆಯ ಹಿಂಬದಿಯನ್ನೂ ಬಳಸಿರುವುದು ನಿಯಮಬಾಹಿರವಾದರೂ ಅದನ್ನು ಇದ್ದಂತೆಯೇ ಕೊಡಲಾಗಿದೆ:

"ನಾ ಆಡ್ತೇನ್ರಿ. ದಿನಾ ಆಡ್ತೇನಿ. ಅಕೀಬನ್ನ ಸುಮ್ನ ನೆವಕ್ಕ ಕರ್ಕೊಂಡ ಬರ್ತೇನ್ರಿ. ಕ್ಲಾಸಿನ್ಯಾಗ ಕೈ ಎತ್ತಲಿಲ್ಲ, ಎಲ್ಲಾರೂ ನಗ್ತಿದ್ರು. ಚಕ್ಕಡಿ ಹಾನಗಲ್ಲ ದಾಟೇತ್ರಿ. ಹಿರೇಕೆರೂರು ಮುಟ್ಟಬೇಕು. ಜೂನಿಗೆ ನಾ ಹತ್ತನೇತ್ತ. ಆಮ್ಯಾಲ ಆಡಾಕ ಯಾರೂ ಬಿಡೂದಿಲ್ಲ. ನನಗೂ ಆಗ ಬ್ಯಾಡ ಅನಸ್ತೈತೋ ಏನೋ. ಅದಕ್ಕ ಬ್ಯಾಡ ಅನ್ಸೂದ್ರಾಗ ಮುಟ್ಟಸಬೇಕ್ರಿ."

ಉಳಿವೆಪ್ಪ ಇವರ ಇಂದಿನ ವರದಿಯ ಪ್ರಕಾರ ಇನ್ನು ಹನ್ನೊಂದು ಗೇಣು ಬಾಕಿಯಿರುತ್ತದೆ. ಟೆಂಪೋ ಬರುವುದು ನಾಳೆ.

೯. ಬೇಕಾಗಿದ್ದದ್ದು ಎರಡು ಘೋಷಣೆ, ಬಂದದ್ದು ಒಂದು. ಇಂದು ಮಧ್ಯಾಹ್ನ ನಿಯಮಗಳನ್ನು ಪುನಃ ಓದಲಾಗಿ, ಘೋಷಣೆ ನೀಡುವವರು "ಹತ್ತು ವರ್ಷ ಮೀರಿದವರು" ಆಗಿರಬೇಕೆಂದು ಇದ್ದು, ಎಷ್ಟು ಮೀರಿರಬಹುದೆಂದು ಎಲ್ಲಿಯೂ ಇರುವುದಿಲ್ಲ. ಗರಿಷ್ಠ ವಯಸ್ಸಿನ ಬಗ್ಗೆ ಮೇಲಧಿಕಾರಿಗಳ ಅಭಿಪ್ರಾಯವನ್ನು ನಾಲ್ಕು ಗಂಟೆಗೆ ಕೋರಲಾಯಿತು. ನಾಲ್ಕೂವರೆಯವರೆಗೆ ಉತ್ತರ ಬಾರದ ಕಾರಣ ಒಪ್ಪಿಗೆಯಿದೆ ಎಂದು ಭಾವಿಸಲಾಗಿದೆ.

೧೦. ಅದರಂತೆ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಎರಡನೆಯ ಘೋಷಣೆಯು ಸ್ವೀಕೃತವಾಗಿದೆ. ಘೋಷಣೆ ನೀಡಿದವರಿಗೆ ಐವತ್ತೇಳು ವರ್ಷ. ಇವರು ಜನವರಿ ೨೪ರ ನಲವತ್ತು ನಿಮಿಷಗಳನ್ನು ಈವರೆಗೆ ತಾಂತ್ರಿಕ ಪರಿಶೀಲನೆಯೆಂದು ತೋರಿಸುತ್ತಾ ಬಂದಿದ್ದು, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇದ್ದದ್ದನ್ನು ಇದ್ದಂತೆ ಬರೆದಿರುವಾಗ ಹಾಗೆ ತೋರಿಸುವುದು ಇನ್ನು ಸರಿಯಲ್ಲವೆಂದು ಅವರಿಗೆ ಮನವರಿಕೆಯಾಗಿರುತ್ತದೆ. ಅಂದು ಏನಾಯಿತೆಂಬುದಕ್ಕೆ ಕಚೇರಿಯ ಭಾಷೆಯಲ್ಲಿ ಪದವಿಲ್ಲದ ಕಾರಣ ಸರಳವಾಗಿ ಹೇಳಲಾಗಿದೆ: ಆಡಿದೆ, ಬಹಳ ಸಂತೋಷವಾಯಿತು, ಎದ್ದು ಹೋಗಲು ಮನಸ್ಸಾಗಲಿಲ್ಲ.

೧೧. ಆದ ಕಾರಣ ನಾಲ್ಕೂ ಪೆಟ್ಟಿಗೆಗಳು ಇದ್ದಲ್ಲೇ ಇರತಕ್ಕದ್ದು.

(ಸಹಿ)
ನೀಲಾಂಬಿಕಾ
ಘೋಷಣೆ ನೀಡಿದವರು, ಕ್ರಮ ಸಂಖ್ಯೆ ೨
ಹಾಗೂ ಆಟಿಕೆ ಪೆಟ್ಟಿಗೆಗಳ ಪ್ರಭಾರ ಅಧಿಕಾರಿ

ಪ್ರತಿಗಳು:
೧. ನಾಲ್ಕೂ ಕೇಂದ್ರಗಳ ಮೇಲ್ವಿಚಾರಕರಿಗೆ. ಈ ಸುತ್ತೋಲೆ ತಲುಪದಿದ್ದಲ್ಲಿ ಕೂಡಲೇ ತಿಳಿಸುವುದು.
೨. ಜಾವೇದ ಇವರಿಗೆ, ನಾಳೆ ಟೆಂಪೋ ತರುವ ಅಗತ್ಯವಿಲ್ಲವೆಂಬ ಮಾಹಿತಿಗಾಗಿ.
೩. ಹಾಜರಾಬಿ ಇವರಿಗೆ. ಹುಬ್ಬಳ್ಳಿ ಬಸ್ಸು ಇಂದಿಗೂ ಬಸ್ ನಿಲ್ದಾಣದಿಂದಲೇ ಹೊರಡುತ್ತದೆ.
೪. ಚನ್ನೇಶನಿಗೆ. ನಮೂನೆ ಹಿಂತಿರುಗಿಸಬೇಕಿಲ್ಲ. ಬುಗುರಿ ಹಿಂತಿರುಗಿಸುವುದು, ಅಥವಾ ಬಂದು ಇಲ್ಲಿಯೇ ಆಡುವುದು.
೫. ಕೌಸರಳಿಗೆ. ಚಕ್ಕಡಿ ಹಿರೇಕೆರೂರು ಮುಟ್ಟುವ ದಿನವನ್ನು ಮುಂಚಿತವಾಗಿ ತಿಳಿಸಿದರೆ ಕ್ರಮ ಸಂಖ್ಯೆ ೨ ಇವರು ರಜೆ ಹಾಕಿ ಹಾಜರಾಗುವರು.
೬. ಅಕೀಬನಿಗೆ. ಇವನಿಗೆ ಓದಲು ಬಾರದ ಕಾರಣ ಅಕ್ಕನೇ ಗಟ್ಟಿಯಾಗಿ ಓದಿ ಹೇಳತಕ್ಕದ್ದು: ಕೊನೆಯ ಗೇಣು ಇವನದು.