ಐದು ನಕ್ಷತ್ರಗಳ ಒಡೆಯರಾದ ಲಿಂತಾಂಗ್ ಲ್ಯಾಪ್‌ಟಾಪ್ ಅವರ ದಿವ್ಯ ಸನ್ನಿಧಿಗೆ

ಮಾನ್ಯರೇ,

ಬೆಳ್ಳಿ ಬಣ್ಣದ ಮೈಯವರೂ, ಹಪ್ಪಳಕ್ಕಿಂತ ತುಸುವೇ ದಪ್ಪಗಿರುವವರೂ, ತಜ್ಞರಿಂದ ಹತ್ತಕ್ಕೆ ಒಂಬತ್ತೂವರೆ ಅಂಕಗಳನ್ನೂ ಬಳಕೆದಾರರಿಂದ ಐದಕ್ಕೆ ಐದು ನಕ್ಷತ್ರಗಳನ್ನೂ ಪಡೆದವರೂ, ಸದ್ಯ ನಮ್ಮ ನಡುಮನೆಯ ಮೇಜಿಗೆ ಹಾಸಿದ, ನನ್ನ ಅತ್ತೆಯವರು ಹೆಣೆದ ಬಟ್ಟೆಯ ಮೇಲೆ ಪವಡಿಸಿರುವವರೂ ಆದ ತಮಗೆ, ಸೋಲೋ ನಗರದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಪ್ರಿಯಾಂಬೊದೊ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಏಕೆಂದರೆ ಎಷ್ಟು ಒತ್ತಿ ಕೇಳಿದರೂ ತಾವು ಉತ್ತರಿಸುವುದಿಲ್ಲ.

ತಮ್ಮನ್ನು ಮನೆಗೆ ಬರಮಾಡಿಕೊಳ್ಳುವ ಮುನ್ನ ನಾನು ತಜ್ಞರ ಅಭಿಪ್ರಾಯ ಪಡೆಯದೆ ಇರಲಿಲ್ಲ. ಜಕಾರ್ತಾದ ಮಾಸ್ ತೆಗುಹ್ ಅವರು ಬಿಳಿ ಕೈಗವಸು ತೊಟ್ಟು ತಮ್ಮ ಪೆಟ್ಟಿಗೆಯನ್ನು ಬಿಚ್ಚಿದ ವಿಡಿಯೊವನ್ನು ನಾನು ಊಟ ತಣ್ಣಗಾಗುವವರೆಗೆ ನೋಡಿದ್ದೇನೆ. "ಮುಚ್ಚಳ ನೋಡಿ, ಒಂದೇ ಬೆರಳು ಸಾಕು, ಹೂವು ಅರಳ್ದಂಗೆ ಅರಳತ್ತೆ" ಎಂದು ಅವರು ಹೇಳಿದಾಗ ನನ್ನ ಕಣ್ಣು ಒದ್ದೆಯಾಯಿತು. ಕೆಲಸ ಹೇಗೆ ಮಾಡುತ್ತದೆ ಎಂದು ಯಾರೋ ಕೇಳಿದ್ದಕ್ಕೆ, "ಅದೆಲ್ಲಾ ಬಳಸ್ತಾ ಬಳಸ್ತಾ ಗೊತ್ತಾಗತ್ತೆ ಬಿಡಿ" ಎಂದು ದೊಡ್ಡ ಮನಸ್ಸಿನಿಂದ ನಕ್ಕು, ಪೆಟ್ಟಿಗೆಯ ರಟ್ಟಿನ ವಾಸನೆಗಾಗಿ ಮಾತ್ರ ಅರ್ಧ ಅಂಕ ಕಳೆದರು. ಅಂಥ ನಿಷ್ಠುರ ತಜ್ಞರನ್ನು ನಂಬದೆ ಇನ್ಯಾರನ್ನು ನಂಬುವುದು?

ಇನ್ನು ಬಳಕೆದಾರರು. ನಮ್ಮ ಕಡೆಯ ಪದ್ಧತಿ ತಮಗೆ ತಿಳಿಯದ್ದೇನಲ್ಲ: ವಸ್ತು ತಂದವನು ಗೇಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುವಾಗಲೇ, ಪೊಟ್ಟಣವನ್ನು ಬಿಚ್ಚದೆಯೇ, ಐದು ನಕ್ಷತ್ರ ಕೊಟ್ಟುಬಿಡುವುದು ಸಭ್ಯತೆ. ನನ್ನ ಹೆಂಡತಿ ವೆನಿಂಗ್ ಕೂಡ ಹಾಗೆಯೇ ಮಾಡಿದಳು. ಸ್ವಲ್ಪ ತಡೆ, ಚಾಲೂ ಮಾಡಿ ನೋಡೋಣ ಎಂದು ನಾನು ಹೇಳಿದ್ದುಂಟು. "ಅಲ್ರೀ, ಪಾಪ ಬಿಸಿಲಲ್ಲಿ ಹೊತ್ಕೊಂಡು ಬಂದಿದಾರೆ. ನೋಡಿ ಆಮೇಲೆ ಕೊಡ್ತೀವಿ ಅಂದ್ರೆ ಅವರ ಮೇಲೆ ಅನುಮಾನ ಪಟ್ಟಂಗೆ ಆಗಲ್ವಾ?" ಎಂದಳು. ಅವಳು ಬರೆದದ್ದು ಇಷ್ಟು: ಇನ್ನೂ ತೆರೆದು ನೋಡಿಲ್ಲ, ಪೊಟ್ಟಣ ಅಚ್ಚುಕಟ್ಟಾಗಿದೆ, ತಂದವರು ವಿನಯವಂತರು, ಬಾಳಿಕೆ ಬರಲಿ, ಐದು ನಕ್ಷತ್ರ. ತಮಗೆ ನಕ್ಷತ್ರ ಕೊಟ್ಟ ಉಳಿದ ಸಾವಿರಾರು ಜನರೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದಾರೆಂಬುದನ್ನು ನಾನು ಆಮೇಲೆ ಗಮನಿಸಿದೆ. ಒಬ್ಬರಂತೂ ಬೇರೆ ಏನನ್ನೋ ತರಿಸಿದ್ದರಂತೆ, ತಪ್ಪಿ ತಾವು ಹೋದಿರಂತೆ. ಅಂಗಡಿಯವರು ಮೃದುವಾಗಿ ಮಾತಾಡಿದರೆಂದು ಅವರೂ ಐದೇ ಕೊಟ್ಟಿದ್ದಾರೆ.

ವೆನಿಂಗ್ ತನ್ನ ಅಭಿಪ್ರಾಯವನ್ನು ಕ್ಲಾತೆನ್‌ನಲ್ಲಿರುವ ನಮ್ಮ ಭಾವೀ ಬೀಗರಿಗೂ ಕಳಿಸಿದಳು. ಅವರ ಮಗ ಸೆನೊಗೆ ನಮ್ಮ ಮಗಳು ಲಾರಸ್‌ಳನ್ನು ಕೊಡುವುದೆಂದು ಮಾತಾಗಿತ್ತು. ಬೀಗಿತ್ತಿ ಹೇಳಿದ್ದನ್ನು ನಂಬದಿದ್ದರೆ ಹೇಗೆ ಎಂದು ಅವರೂ ಅದೇ ಅಂಗಡಿಯಿಂದ ತಮ್ಮ ತದ್ರೂಪಿ ಸಹೋದರರೊಬ್ಬರನ್ನು ತರಿಸಿಕೊಂಡರು. ತಾವು ಬಂದ ದಿನ ನಮ್ಮೊಡನೆ ಬಹಳ ಚೆನ್ನಾಗಿ ನಡೆದುಕೊಂಡಿರಿ. ಹಿರಿಯರು ಹುಡುಗ ಹುಡುಗಿಯ ಹುಟ್ಟಿದ ವಾರಗಳನ್ನು ಕೂಡಿ ಕಳೆದು ಎರಡೂ ಮನೆಗೆ ತಿಳಿಸಿದ್ದ ಮದುವೆಯ ದಿನವನ್ನು ನಾನು ಭಕ್ತಿಯಿಂದ ತಮ್ಮೊಳಗೆ ಬರೆದಿಟ್ಟೆ. ಮರುದಿನ ಬೆಳಗ್ಗೆ ತಾವು ಕಣ್ಣು ಮುಚ್ಚಿದವರು ಇನ್ನೂ ತೆರೆದಿಲ್ಲ. ಇದು ತಿಳಿಯುವ ಮೊದಲೇ ನಾನು ಫೋನಿನಲ್ಲಿ ಬೀಗರ ಮುಂದೆ ಬೀಗಿದ್ದೆ: ದಿನ, ಊಟ, ಅತಿಥಿಗಳು, ಎಲ್ಲವೂ ನಮ್ಮ ಲ್ಯಾಪ್‌ಟಾಪಿನಲ್ಲಿದೆ, ಬನ್ನಿ, ತೆರೆದು ನೋಡಿ ನಿಶ್ಚಯಿಸೋಣ ಎಂದು. "ನಮ್ಮದರಲ್ಲೂ ಎಲ್ಲಾ ಇದೆ, ತರ್ತೀವಿ" ಎಂದರು ಬೀಗರಾದ ಪಾಕ್ ಹಾರ್ಜೊನೊ.

ಅಂದಿನಿಂದ ಪ್ರತಿ ಭಾನುವಾರ ಅವರು ಬರುತ್ತಾರೆ. ಮಖಮಲ್ಲಿನ ಚೀಲದಿಂದ ತಮ್ಮ ಸಹೋದರರನ್ನು ಇಳಿಸಿ ತಮ್ಮ ಪಕ್ಕದಲ್ಲಿ ಮಲಗಿಸುತ್ತಾರೆ. ನಾವು ಮಲ್ಲಿಗೆ ಚಹಾ ಕುಡಿದು, ತೆಂಗಿನ ಹಾಲಿನ ಸೆರಾಬಿ ದೋಸೆ ತಿಂದು, ತಮ್ಮಿಬ್ಬರ ಮುಚ್ಚಳಗಳನ್ನು ಹೊಗಳುತ್ತೇವೆ. "ಏನು ತಣ್ಣಗಿದೆ ನೋಡಿ, ಬಿಸಿಯಾಗೋದೇ ಇಲ್ಲ" ಎಂದು ಬೀಗಿತ್ತಿ ಬು ಹಾಪ್ಸಾರಿ ಕಳೆದ ವಾರ ಕೈಯಿಟ್ಟು ಹೇಳಿದಾಗಲೇ, ಅವರದ್ದೂ ಸತ್ತಿದೆ ಎಂದು ನನಗೆ ಖಚಿತವಾಯಿತು. ಆದರೆ ಅವರು ಹಾಗೆಂದರೆ ವೆನಿಂಗ್‌ಳ ಮಾತು ಸುಳ್ಳೆಂದಂತೆ. ನಾವು ಹಾಗೆಂದರೆ ಅವರನ್ನು ಹಳ್ಳಕ್ಕೆ ತಳ್ಳಿದೆವೆಂದು ಒಪ್ಪಿದಂತೆ. ಮದುವೆಯ ದಿನ ನನಗೆ ಬಾಯಿಪಾಠವಾಗಿದೆ. ಅದನ್ನು ಬಾಯಲ್ಲೇ ಹೇಳಿಬಿಟ್ಟರೆ, ಹಾಗಾದರೆ ಲ್ಯಾಪ್‌ಟಾಪ್ ಏಕೆ ತೆರೆಯಲಿಲ್ಲ ಎಂಬ ಪ್ರಶ್ನೆ ನಡುಮನೆಯಲ್ಲಿ ಎದ್ದು ನಿಲ್ಲುತ್ತದೆ. ಹೀಗಾಗಿ ಸಂಜೆ ಎಲ್ಲರೂ ಎದ್ದು, ಮುಂದಿನ ವಾರ ನಿಧಾನವಾಗಿ ನೋಡೋಣ ಎಂದು ಕೈಮುಗಿಯುತ್ತೇವೆ.

ಲಾರಸ್ ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ. "ಅಪ್ಪ, ನೀವು ಹೀಗೇ ಮುಚ್ಚಳ ಸವರ್ತಾ ಕೂತಿರಿ, ನಾನು ಮದುವೆ ಆಗದೇನೇ ಅಜ್ಜಿ ಆಗ್ತೀನಿ" ಎಂದಳು. ಮೊನ್ನೆ ಅವಳು ಬಾಗಿಲು ಹಾಕಿಕೊಂಡು ಅತ್ತದ್ದನ್ನು ನಾನು ಕೇಳಿಸಿಕೊಂಡೆ. ಮಾನ್ಯರೇ, ಅದು ನನಗೆ ಸಹಿಸಲಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಬರುವ ಭಾನುವಾರ, ಚಹಾ ಬಗ್ಗಿಸುವ ಹೊತ್ತಿಗೆ ಸರಿಯಾಗಿ, ಒಂದು ಗಳಿಗೆ ಎಚ್ಚರಗೊಂಡು ದಿನಾಂಕವನ್ನು ತೋರಿಸಿ, ಬೇಕಾದರೆ ಮತ್ತೆ ಶಾಶ್ವತವಾಗಿ ಮಲಗಬಹುದು. ಅದು ತಮ್ಮ ಅಂತಸ್ತಿಗೆ ಕಡಿಮೆಯೆನಿಸಿದರೆ ಎಲ್ಲರಿಗೂ ಕಾಣುವಂತೆ ಸಾಯುವ ಕೃಪೆ ಮಾಡಿ: ಸ್ವಲ್ಪ ಹೊಗೆ, ಸಾಧ್ಯವಾದರೆ ಒಂದಿಷ್ಟು ಕಿಡಿ, ಅತ್ತೆಯವರ ಬಟ್ಟೆಗೆ ಮಾತ್ರ ತಾಗದಿರಲಿ. ಅದೂ ಕಷ್ಟವೆಂದರೆ, ತಾವಿಬ್ಬರೂ ಸಹೋದರರು ಒಳಗೊಳಗೇ ಮಾತಾಡಿಕೊಂಡು, ಮೊದಲು ಸತ್ತವರು ಬೀಗರ ಕಡೆಯವರೇ ಎಂದು ಅವರ ಬಾಯಿಂದಲೇ ಹೇಳಿಸಬೇಕಾಗಿ ವಿನಂತಿ. ಇಷ್ಟನ್ನು ನಡೆಸಿಕೊಟ್ಟರೆ ಆರನೆಯ ನಕ್ಷತ್ರವನ್ನು ಎಲ್ಲಿಂದಾದರೂ ತರುವ ಹೊಣೆ ಭೂಗೋಳದ ಮೇಷ್ಟರಾದ ನನ್ನದು.

ತಮ್ಮ ಮುಚ್ಚಳದಲ್ಲಿ ದಿನವೂ ತನ್ನ ಮುಖವನ್ನೇ ಕಾಣುವ,
ತಮ್ಮ ವಿಶ್ವಾಸಿ,
ಪ್ರಿಯಾಂಬೊದೊ

ತಾಜಾಕಲಂ: ಸಹಿ ಹಾಕಿ ಏಳುವಷ್ಟರಲ್ಲಿ ಸುದ್ದಿ ಬಂತು, ತಾವು ತೊಂದರೆ ತೆಗೆದುಕೊಳ್ಳುವುದು ಬೇಡ. ತಮ್ಮನ್ನು ಮಾರಿದ ಅಂಗಡಿಯ ಪುಟದಲ್ಲಿ ಲಾರಸ್ ತನ್ನ ಹೆಸರು ಹಾಕಿಯೇ ಬರೆದಿದ್ದಾಳೆ: "ಒಂದು ನಕ್ಷತ್ರ. ಬಂದ ಮಾರನೇ ದಿನವೇ ಸತ್ತಿದೆ. ಸತ್ತಿದೆ ಅನ್ನೋಕೆ ಎರಡೂ ಮನೆಯವರಿಗೆ ಸಂಕೋಚ, ಅದಕ್ಕೇ ನನ್ನ ಮದುವೆ ನಿಂತಿದೆ." ಅದರ ಕೆಳಗೆ ಬು ಹಾಪ್ಸಾರಿಯವರ ಉತ್ತರವಿದೆ: "ನಮ್ಮದೂ ಅಷ್ಟೇ ಮಗಳೇ. ದಿನ ನಂಗೆ ನೆನಪಿದೆ, ಬೆಸಾರ್ ತಿಂಗಳ ಎರಡನೇ ಶುಕ್ರವಾರ. ನಿಮ್ಮಪ್ಪಂಗೆ ಒಪ್ಪಿಗೆನಾ ಕೇಳು." ನಾನು ಅಲ್ಲೇ ಕೆಳಗೆ ಒಪ್ಪಿಗೆ ಬರೆದು, ಹಾರೈಸಿದ ಅಪರಿಚಿತರಿಗೆಲ್ಲ ಊಟಕ್ಕೆ ಬನ್ನಿ ಎಂದಿದ್ದೇನೆ, ತಮ್ಮನ್ನು ಮಾತ್ರ ಕರೆದಿಲ್ಲ. ಲಾರಸ್ ಬರೆದದ್ದು ಉಪಯುಕ್ತ ಅಭಿಪ್ರಾಯವೆಂದು ಗುಂಡಿ ಒತ್ತಿದವರ ಹೆಸರುಗಳೂ ಅಲ್ಲಿ ಕಾಣುತ್ತವೆ. ಎಲ್ಲರಿಗಿಂತ ಮೊದಲು ಒತ್ತಿದವಳು ವೆನಿಂಗ್.