ಕ್ಯಾರಿಯರ್ ಮೇಲಿನ ಮಂಚ

ಉಮಾಶಂಕರ ತನ್ನ ಜೀಪಿನ ನೆತ್ತಿಗೆ ಕ್ಯಾರಿಯರ್ ಹಾಕಿಸಿದ್ದು ಪಕ್ಕದ ಸೀಟಿನ ದೆಸೆಯಿಂದ.

ದೊಡ್ಡಬಳ್ಳಾಪುರದಲ್ಲಿ ಅವನದೊಂದು ಸೀರೆ ಅಂಗಡಿ, ಹಿತ್ತಲಲ್ಲಿ ಮಗ್ಗ. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಗ್ಗದ ಸದ್ದು ನಿಂತ ಮೇಲೆ ಆ ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಕುಕ್ಕರೊಂದೇ. ಜನರ ಸಹವಾಸಕ್ಕೆಂದೇ ಹಳೆಯ ಫೋರ್ ಬೈ ಫೋರ್ ಜೀಪೊಂದನ್ನು ಕೊಂಡು, ಭಾನುವಾರ ಗುಡ್ಡ ಹತ್ತಿಸುವವರ ಗುಂಪು ಸೇರಿದ. ಅಲ್ಲಿ ಎಲ್ಲರೂ ಜೋಡಿಜೋಡಿ. "ಉಮಾಶಂಕರಂದು ಹೆಂಗಿದ್ರೂ ಖಾಲಿ ಗಾಡಿ" ಎಂದು ಡೇರೆ, ನೀರಿನ ಕ್ಯಾನು, ಕುರ್ಚಿ ಎಲ್ಲವನ್ನೂ ಇವನ ಜೀಪಿಗೇ ತುರುಕುತ್ತಿದ್ದರು. ಪಕ್ಕದ ಸೀಟಿನಲ್ಲಿ ಗ್ಯಾಸ್ ಒಲೆ ಬೆಲ್ಟು ಬಿಗಿದುಕೊಂಡು ಕೂರುತ್ತಿತ್ತು. ರಥವಿತ್ತು, ಸಾರಥಿಯಿದ್ದ, ಪಾರ್ಥನ ಜಾಗದಲ್ಲಿ ಒಲೆ.

ಕಳೆದ ಸಲ ಗುಂಪಿನ ಹಿರಿಯ ನಂದಕುಮಾರನೇ ಹೇಳಿದ್ದ: "ಮೇಲೊಂದು ಕ್ಯಾರಿಯರ್ ಹಾಕ್ಸು ಗುರು, ಸಾಮಾನೆಲ್ಲ ಅಲ್ಲಿರ್ಲಿ. ಮುಂದಿನ್ಸಲ ನಾನೇ ನಿನ್ ಪಕ್ಕ ಕೂತ್ಕೊಂಡು ಬರ್ತೀನಿ. ನಿನ್ ಹತ್ರ ಸ್ವಲ್ಪ ಮಾತಾಡೋದೈತೆ."

ತನ್ನ ಹತ್ತಿರ ಮಾತಾಡುವುದಿದೆ! ಉಮಾಶಂಕರ ಮಾರನೆಯ ದಿನವೇ ಕ್ಯಾರಿಯರ್ ಹಾಕಿಸಿದ.

ಭಾನುವಾರ ಬೆಳಗ್ಗೆ ಅವನು ಆ ಸೀಟನ್ನು ದೇವರ ಮಂಟಪದಂತೆ ಒರೆಸುತ್ತಿದ್ದಾಗ ಪಕ್ಕದ ಮನೆಯ ಅಮ್ಮಯಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನಪ್ಪಾ ಉಮಾ, ಗಾಡಿ ಮೇಲೆ ಅಟ್ಟ ಕಟ್ಟಿಸ್ಬಿಟ್ಟಿದ್ದೀಯ!"

"ಅಟ್ಟ ಅಲ್ಲಜ್ಜಿ, ಕ್ಯಾರಿಯರ್ರು."

"ಏನೋ ಒಂದು. ಅಟ್ಟ ಖಾಲಿ ಬಿಟ್ರೆ ಇಲಿ ಸೇರ್ಕೊಂತವೆ. ನಮ್ ಶಿಲ್ಪಂಗೆ ಕೊಡೋ ಮಂಚ ಇನ್ನೂ ಇಲ್ಲೇ ಬಿದ್ದೈತೆ. ದೊಡ್ಡಬೆಳವಂಗಲ ನಿನ್ ದಾರೀಲೇ ಅಲ್ವಾ? ಇಳಿಸ್ಬಿಟ್ಟು ಹೋಗು."

ಶಿಲ್ಪ ಅವಳ ಮೊಮ್ಮಗಳು, ಮೊನ್ನೆ ಮೊನ್ನೆ ಮದುವೆಯಾಗಿ ಆ ಊರು ಸೇರಿದ್ದಳು. 'ಆಗಲ್ಲ' ಎಂಬ ಮಾತು ಉಮಾಶಂಕರನ ಬಾಯಿಗೆ ಬರುವ ಮೊದಲೇ ಎಳೆ ಹರಿದ ಮಗ್ಗದಂತೆ ನಿಂತುಬಿಟ್ಟಿತು. ಅಷ್ಟರಲ್ಲಿ ಮಂಚ ಕಾಲು ಮೇಲಾಗಿ ಕ್ಯಾರಿಯರ್ ಏರಿತ್ತು. ಅದರ ನಡುವೆ ಹೊಸ ಹಾಸಿಗೆ, ಕೆಂಪು ಬಟ್ಟೆ ಸುತ್ತಿದ ಕೊಳಗ. ಹೆಣ್ಣಿನ ಮನೆ ಸಾಮಾನು ಬೋಳಾಗಿ ಹೋಗಬಾರದೆಂದು ಅಜ್ಜಿ ಅರಿಶಿನ ಕುಂಕುಮ ಹಚ್ಚಿ, ಜೀಪಿನ ಮುಂದಕ್ಕೊಂದು ಮಲ್ಲಿಗೆ ಹಾರವನ್ನೂ ಕಟ್ಟಿದಳು.

ದೊಡ್ಡಬೆಳವಂಗಲದಲ್ಲಿ ಶಿಲ್ಪಳ ಮನೆಗೆ ಬೀಗ. ಎದುರು ಮನೆಯ ಪಿಳ್ಳಣ್ಣ ಜಗುಲಿಯಿಂದಲೇ ಕೂಗಿದ: "ಮನೆದೇವ್ರಿಗೆ ಹೋದ್ರು ಕಣಪ್ಪ, ಬರೋದು ಸಂಜೆಗೇ."

"ಇಲ್ಲೇ ಇಳಿಸ್ಬಿಟ್ಟು ಹೋಗ್ಲಾ?"

"ಅಯ್ಯೋ, ಹೊಸ ಹೆಣ್ಣಿನ ಮಂಚ ಬೀದೀಲಿ ಇಡ್ತಾರೇನಪ್ಪಾ? ಅಪಶಕುನ!"

ಬೆನ್ನ ಮೇಲೆ ಬಿದ್ದ ಎಮ್ಮೆಯಂತೆ ನಾಲ್ಕೂ ಕಾಲು ಆಕಾಶಕ್ಕೆತ್ತಿದ ಮಂಚವನ್ನು ಹೊತ್ತು, ಜೀಪು ದಾಬಸ್‌ಪೇಟೆ ರಸ್ತೆ ಹಿಡಿದು ಗುಡ್ಡದ ಬುಡದ ಟೀ ಅಂಗಡಿ ಮುಟ್ಟಿತು. ಅಲ್ಲಿ ಕಾಯುತ್ತಿದ್ದ ಗುಂಪು ಒಂದು ಗಳಿಗೆ ಬೆರಗಾಗಿ, ಆಮೇಲೆ ಒಮ್ಮೆಲೇ ಹೋ ಎಂದಿತು.

"ಲೇ, ಮದುವೆ ಆಗ್ಬಿಟ್ಯೇನೋ!" ನಂದಕುಮಾರ ಬಂದು ತಬ್ಬಿಕೊಂಡ.

"ಒಂದು ಹೋಳಿಗೆ ಊಟ ತಪ್ಪಿಸ್ಬಿಟ್ರಲ್ಲ!" ಎಂದಳು ಅವನ ಹೆಂಡತಿ ಸ್ನೇಹ.

ಉಮಾಶಂಕರ ಬಾಯಿ ತೆರೆದ. ಆದರೆ ಹೆಗಲ ಮೇಲೊಂದು ಕೈ ಬಿದ್ದಿತ್ತು. ಯಾರೋ ಕುರ್ಚಿ ಎಳೆದರು, ಯಾರೋ ಟೀ ತಂದರು, ಎಲ್ಲರೂ ಅವನ ಸುತ್ತಲೇ ಕೂತರು. ಇಷ್ಟು ದಿನದಲ್ಲಿ ಅವನ ಮುಖವನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದೇ ಇಲ್ಲ. ಈ ಟೀ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. "ಹೆಂಗೈತೆ ಹೊಸ ಸಂಸಾರ?" ಎಂದವರಿಗೆ ತಲೆ ತಗ್ಗಿಸಿ ನಕ್ಕ. ಟೀಯನ್ನು ತೀರ್ಥದಂತೆ ಗುಟುಕು ಗುಟುಕಾಗಿ ಕುಡಿದ.

ಲೋಟ ಬರಿದಾದಾಗ ನಂದಕುಮಾರ ಅವನನ್ನು ಪಕ್ಕಕ್ಕೆ ಕರೆದ.

"ಈಗ ಹೇಳಿ ಏನ್ ಪ್ರಯೋಜನ, ಆದ್ರೂ ಹೇಳ್ತೀನಿ. ನಮ್ ಚಿಕ್ಕಮ್ಮನ ಮಗಳು ಅರ್ಪಿತ ಅಂತ. ನಿನ್ ಫೋಟೋ ತೋರ್ಸಿದ್ದೆ, ಒಪ್ಕೊಂಡಿದ್ಲು. ಅದನ್ನ ಮಾತಾಡೋಕೇ ಇವತ್ತು ನಿನ್ ಗಾಡೀಲಿ ಬರ್ತೀನಿ ಅಂದಿದ್ದು. ಹೋಗ್ಲಿ ಬಿಡು, ಋಣಾನುಬಂಧ."

"ನಂದಣ್ಣ! ನಂಗೆ ಮದುವೇನೇ ಆಗಿಲ್ಲ!"

ನಂದಕುಮಾರ ಮಂಚವನ್ನು ನೋಡಿದ, ಹಾಸಿಗೆಯನ್ನು ನೋಡಿದ, ಹಾರವನ್ನು ನೋಡಿದ. ಮುಖ ಕಲ್ಲಾಯಿತು. "ಹೂವು ಇನ್ನೂ ಬಾಡಿಲ್ಲ. ಇನ್ನೊಬ್ಬಳ ಹೆಸರು ಕೇಳ್ತಿದ್ದಂಗೇ ಕಟ್ಕೊಂಡೋಳನ್ನೇ ಇಲ್ಲ ಅಂತೀಯಲ್ಲೋ!"

"ಪಕ್ಕದ ಮನೆಯೋರ ಮಂಚ ಕಣಣ್ಣ, ದೇವ್ರಾಣೆಗೂ!"

"ಹಂಗಾದ್ರೆ ಇಷ್ಟೊತ್ತು ನಾಚ್ಕೊಂಡು ನಗ್ತಿದ್ದೋನು ಯಾರು? ಪಕ್ಕದ ಮನೆಯೋನಾ?"

ಉಮಾಶಂಕರ ಅಮ್ಮಯಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ಅವನು 'ಅಜ್ಜಿ' ಎನ್ನುವ ಮೊದಲೇ ಆ ಕಡೆಯ ದನಿ ಗುಡ್ಡಕ್ಕೆ ಬಡಿಯಿತು: "ಮಂಚ ಬಂತು ಅಂತ ಇನ್ನೂ ಫೋನೇ ಬಂದಿಲ್ಲ, ಆ ಗುಡ್ಡದ ಹತ್ರವೇ ಇದ್ದೀಯೇನೋ? ಅಲ್ಲಿ ಹೊಸ ಹೆಣ್ಣು ಮಂಚಕ್ಕೆ ಕಾಯ್ತಾ ಕೂತಿರ್ತದೆ, ನಿಂಗೆ ಗೆಳೆಯರು ಹೆಚ್ಚಾದ್ರಾ? ಮೊದ್ಲು ಮನೆಗ್ ಹೋಗು!" ಸಿಗ್ನಲ್ಲು ಅಷ್ಟಕ್ಕೇ ಸತ್ತಿತು.

ಸ್ನೇಹ ಮುಖ ತಿರುಗಿಸಿಕೊಂಡಳು. "ಅರ್ಪಿತನ ಪುಣ್ಯ ದೊಡ್ಡದು" ಎಂದು ನಂದಕುಮಾರ ತನ್ನ ಜೀಪು ಹತ್ತಿದ. ಒಂದೊಂದೇ ಗಾಡಿ ಧೂಳೆಬ್ಬಿಸುತ್ತ ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಸದ್ದೂ ಅಡಗಿತು.

ಟೀ ಅಂಗಡಿಯವನು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತ ಬಳಿಗೆ ಬಂದು ಮೆಲ್ಲಗೆ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಸ್ವಾಮಿ. ಮನೆಗ್ ಹೋಗಿ ಅವರನ್ನ ಸಮಾಧಾನ ಮಾಡಿ. ಹೊಸದ್ರಲ್ಲಿ ಒಬ್ರನ್ನೇ ಬಿಟ್ಟು ಬರಬಾರ್ದು."

ಅಷ್ಟು ಅಕ್ಕರೆಯಿಂದ ಅವನಿಗೆ ಬುದ್ಧಿ ಹೇಳಿದವರು ಈಚೆಗೆ ಯಾರೂ ಇರಲಿಲ್ಲ.

"ಹಾಗೇ ಮಾಡ್ತೀನಿ" ಎಂದ ಉಮಾಶಂಕರ.