ಕಾಕಾನ ಸಣ್ಣ ಅಕ್ಷರಗಳು

ನಮ್ಮ ಕಾಕಾನ ಕೈಯಿಂದ ಈವರೆಗೆ ಒಂದೇ ಒಂದು ತಪ್ಪೂ ಆಗಿಲ್ಲ. ಇದು ನನ್ನ ಮಾತಲ್ಲ, ಅವರೇ ಹೇಳುವುದು. ಆಗಿರುವ ತಪ್ಪುಗಳೆಲ್ಲ ಬೇರೆಯವರವು. ಆ ಹೊತ್ತಿಗೆ ಕಾಕಾ ಅಲ್ಲಿ ಹಾಜರಿದ್ದರು, ಅಷ್ಟೇ.

ಸ್ಕೂಟರು ಮನೆಯ ಗೇಟಿಗೆ ಬಡಿದರೆ ತಪ್ಪು ಗೇಟಿನದು. ಒಮ್ಮೆ ಸಿಂದಗಿಯಲ್ಲಿ ನೆಂಟರ ಮದುವೆಗೆ ಹೋದವರು, ಮೇಲಿನ ಮಹಡಿಗೆ ಹತ್ತುವ ಬದಲು ಕೆಳಗಿನ ಸಭಾಂಗಣದಲ್ಲಿ ಯಾರದೋ ಮದುವೆಗೆ ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ವರನ ತಂದೆಗೆ ಸಂಸಾರದ ಬಗ್ಗೆ ಬುದ್ಧಿವಾದ ಹೇಳಿ, ಊಟಕ್ಕೆ ಕೂತುಬಿಟ್ಟಿದ್ದರು. ಅವರ ಹೆಂಡತಿ, ನಮ್ಮ ಕಾಕೂ, ಹುಡುಕಿಕೊಂಡು ಬಂದಾಗ ಎರಡನೇ ಹೋಳಿಗೆಗೆ ತುಪ್ಪ ಬೀಳುತ್ತಿತ್ತು.

"ಇದು ನಮ್ಮ ಮದಿವಿ ಅಲ್ರಿ," ಎಂದರು ಕಾಕೂ ಮೆಲ್ಲಗೆ.

"ಹಂಗಾರ ಇವ್ರು ನನ್ನ ಯಾಕ ಒಳಗ ಬಿಟ್ರು? ಜವಾಬ್ದಾರಿ ಇಲ್ಲದ ಮಂದಿ," ಎಂದು ಕಾಕಾ ಆ ಹೋಳಿಗೆಯನ್ನೂ ಮುಗಿಸಿಯೇ ಎದ್ದರು.

ಇಂಥ ಕಾಕಾ ನಿವೃತ್ತರಾದ ಮೇಲೆ ಇಂಡಿ ಊರಿನ ಮನೆಯಲ್ಲಿ ಒಂದು ಕಂಪ್ಯೂಟರು ತಂದಿಟ್ಟುಕೊಂಡರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಅದಕ್ಕಿಂತ ಮುಖ್ಯವಾಗಿ ಅವರಿಗೆ ಮೋಡಿ ಓದಲು ಬರುತ್ತದೆ. ನಮ್ಮ ಕಡೆಯ ಹಳೆಯ ಹೊಲಮನೆ ಕಾಗದಪತ್ರಗಳು ಮರಾಠಿಯಲ್ಲಿ, ಆ ಮೋಡಿ ಲಿಪಿಯಲ್ಲಿ ಇರುತ್ತವೆ. ಕೈ ಎತ್ತದೆ ಸರಸರ ಬರೆದ ಅಕ್ಷರ, ನೋಡಿದರೆ ಇರುವೆ ಮಸಿಯಲ್ಲಿ ಬಿದ್ದು ಕಾಗದದ ಮೇಲೆ ಓಡಾಡಿದಂತಿರುತ್ತದೆ. ಓದುವವರು ಈಗ ತೀರ ಕಡಿಮೆ. ಸಾಲೋಟಗಿಯಿಂದ, ಅಗರಖೇಡದಿಂದ ಜನ ಅಜ್ಜ ಮುತ್ತಜ್ಜಂದಿರ ಕಾಗದ ಹಿಡಿದು ಬರುತ್ತಾರೆ. ಕಾಕಾ ಅವನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ದೊಡ್ಡದಾಗಿಸಿ ಓದಿ, ಕನ್ನಡದಲ್ಲಿ ಬರೆದುಕೊಡುತ್ತಾರೆ.

ಆ ಕಂಪ್ಯೂಟರಿಗೆ ಸಿಗುವ ಮರ್ಯಾದೆ ನಮಗೆ ಯಾರಿಗೂ ಸಿಕ್ಕಿಲ್ಲ. ಕಾಕೂನ ಹಳೆಯ ಇಳಕಲ್ ಸೀರೆಯ ತುಂಡೊಂದು ಅದಕ್ಕೆ ಹೊದಿಕೆ. ಮಾತೆಲ್ಲ ಬಹುವಚನದಲ್ಲಿ. ನಿಧಾನವಾದರೆ, "ಆರಾಮ ಮಾಡ್ರಿ, ಅವಸರಿಲ್ಲ" ಎನ್ನುತ್ತಾರೆ. ಅದೇ ಕಾಕೂ ಚಹಾ ತರುವುದು ತುಸು ತಡವಾದರೆ ಇಡೀ ಓಣಿಗೆ ಗೊತ್ತಾಗುತ್ತದೆ.

ನಾನು ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರಿಣಿ. ಸಾಲಿಯ ಕಂಪ್ಯೂಟರ್ ಕೋಣೆಯ ಕೀಲಿ ನನ್ನ ಹತ್ತಿರ ಇರುತ್ತದೆ ಎಂಬ ಒಂದೇ ಕಾರಣಕ್ಕೆ ಮನೆತನದವರೆಲ್ಲ ನನ್ನನ್ನು ದೊಡ್ಡ ಇಂಜಿನಿಯರೆಂದು ತಿಳಿದಿದ್ದಾರೆ. ಮೊನ್ನೆ ಮಾಘದಲ್ಲಿ ಒಂದು ದಿನ ಕಾಕಾ ಫೋನ್ ಮಾಡಿದರು. ನನಗೆ ಐವತ್ತು ಹತ್ತಿರ ಬಂದರೂ ಅವರ ಬಾಯಲ್ಲಿ ನಾನಿನ್ನೂ ಹುಡುಗಿಯೇ.

"ಏ ಹುಡುಗಿ, ಅಪ್ಡೇಟ್ ಅಂತ ಮಾಡಿ ಇವ್ರು ನನ್ನ ಅಕ್ಷರ ಎಲ್ಲಾ ಸಣ್ಣ ಮಾಡ್ಯಾರ."

"ಸೆಟ್ಟಿಂಗ್ಸ್‌ಗೆ ಹೋಗಿ ದೊಡ್ಡದು ಮಾಡ್ಕೋರಿ ಕಾಕಾ."

"ಅಲ್ಲೇ ಅದ ನೋಡು ಮೋಸ. ಸೆಟ್ಟಿಂಗ್ಸ್ ತೆರದ್ರ ಹಿಂಗ ತೆರೀತದ, ಹಂಗ ಮುಚ್ಚತದ. ಸಾಲ ಕೇಳ್ಲಿಕ್ಕೆ ಹೋದಾಂವನ ಮುಖದ ಮ್ಯಾಲ ಬಾಗಿಲಾ ಹಾಕಿದಂಗ."

ಆಫ್ ಮಾಡಿ ಆನ್ ಮಾಡಲು ಹೇಳಿದೆ. ಮಾಡಿದ್ದರು. ಅಪ್ಡೇಟ್ ಮತ್ತೊಮ್ಮೆ ಹಾಕಲು ಹೇಳಿದೆ. "ಕೆಡಿಸಿದವ್ರ ಕಡೆನೇ ಮತ್ತ ಹೋಗಂತಿ?" ಎಂದರು. ಅಗರಖೇಡದ ಒಬ್ಬ ಹೆಣ್ಣುಮಗಳು ಕಾಗದ ಕೊಟ್ಟು ಹೋಗಿದ್ದಾಳೆ, ಅವಳ ಬಾವಿಯ ತಂಟೆ ಈ ಕಾಗದದ ಮೇಲೆ ನಿಂತಿದೆ, ಶನಿವಾರ ಬರುತ್ತಾಳೆ ಎಂದರು. ಧ್ವನಿ ಎಂದಿನಂತೆ ಜೋರಾಗಿಯೇ ಇತ್ತು. ಆದರೆ ಫೋನ್ ಇಡುವ ಮುಂಚೆ, "ನೀ ಬಂದ್ರ ಛಲೋ ಆಗ್ತದವಾ," ಎಂದುಬಿಟ್ಟರು. ಕಾಕಾ ಹಾಗೆಲ್ಲ ಕರೆಯುವವರಲ್ಲ.

ಶನಿವಾರ ಮುಂಜಾನೆಯ ಸಾಲಿ ಮುಗಿಸಿ, ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿ ತಲುಪಿದೆ. ಕಾಕಾನ ಮಗ, ಅಂದರೆ ನಮ್ಮ ಅಣ್ಣ, ಅವನ ಹೆಂಡತಿ ವೈನಿ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಅಗರಖೇಡದ ಹೆಣ್ಣುಮಗಳು ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಗಂಡ ತೀರಿಹೋಗಿದ್ದಾನೆ, ದಾಯಾದಿ ಮೈದುನಂದಿರು ಬಾವಿಯ ನೀರಿನಲ್ಲಿ ನಿನಗೆ ಪಾಲಿಲ್ಲ ಎನ್ನುತ್ತಿದ್ದಾರೆ ಎಂದು ಕಾಕೂ ಒಳಗೆ ಚಹಾ ಸೋಸುತ್ತ ನನಗೆ ಹೇಳಿದರು.

ನಾನು ಇಳಕಲ್ ಹೊದಿಕೆ ತೆಗೆದು ಕೂತೆ. ಸೆಟ್ಟಿಂಗ್ಸ್ ಕೆಟ್ಟದ್ದು ಸುಳ್ಳಲ್ಲ. ಒತ್ತಿದರೆ ಕಣ್ಣು ಮಿಟುಕಿಸಿದಂತೆ ಬಂದು ಹೋಗುತ್ತಿತ್ತು. ಇನ್ನೊಂದು ದಾರಿಯಿಂದ ತೆರೆಯಲು ನೋಡಿದರೆ ಒಂದು ಸಂದೇಶ ಬಂತು.

"ಏನಂತದ, ಓದು," ಎಂದರು ಕಾಕಾ ಪಕ್ಕದಲ್ಲೇ ಕೂತು.

"ಈ ಕೆಲಸ ಮಾಡಲು ಯಾವ ಪ್ರೋಗ್ರಾಮೂ ನೇಮಕವಾಗಿಲ್ಲ ಅಂತದ್ರಿ."

"ಹುದ್ದೆ ಖಾಲಿ. ಇಲ್ಲೂ ನಮ್ಮ ಕೋರ್ಟಿನ ಹಣೇಬರಾನೇ ಬಂತಲ್ಲ."

ಅಪ್ಡೇಟ್ ಅರ್ಧಕ್ಕೇ ನಿಂತಿತ್ತು. ಕಪ್ಪು ಕಿಟಕಿಯೊಂದನ್ನು ತೆರೆದು, ಕೆಟ್ಟ ಕಡತಗಳನ್ನು ಹುಡುಕಿ ಸರಿಮಾಡು ಎಂದು ಆಜ್ಞೆ ಕೊಟ್ಟೆ. ಅದು ತನ್ನ ಪಾಡಿಗೆ ಹುಡುಕುತ್ತ ಕೂತಿತು, ನಾವು ಅವಲಕ್ಕಿ ತಿನ್ನುತ್ತ ಕೂತೆವು. ಆಮೇಲೆ ಉಳಿದ ಅಪ್ಡೇಟನ್ನೂ ಹಾಕಿ ಮತ್ತೆ ಚಾಲೂ ಮಾಡಿದೆ. ಸೆಟ್ಟಿಂಗ್ಸ್ ತೆರೆಯಿತು, ತೆರೆದೇ ಇತ್ತು.

"ಬಂತ್ರಿ ಕಾಕಾ."

"ನಿನ್ನ ಹೊಟ್ಟಿ ತಣ್ಣಗಿರಲಿ. ಈಗ ಅಕ್ಷರ ದೊಡ್ಡವು ಮಾಡು."

ಅಕ್ಷರದ ಅಳತೆಯ ಪುಟಕ್ಕೆ ಹೋದೆ. ಅಳತೆ ಹೆಚ್ಚಿಸುವ ಗುಂಡಿ ಆಗಲೇ ಕೊನೆಯ ತುದಿಯಲ್ಲಿ ನಿಂತಿತ್ತು. ಅದಕ್ಕಿಂತ ದೊಡ್ಡದಿಲ್ಲ. ಸಣ್ಣದನ್ನು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಸೌಲಭ್ಯವೂ ಇತ್ತಲ್ಲ, ಅದನ್ನೂ ಅವರು ಹಿಂದೆಯೇ ಚಾಲೂ ಮಾಡಿಟ್ಟಿದ್ದರು. ಅಪ್ಡೇಟು ಯಾವುದನ್ನೂ ಮುಟ್ಟಿರಲಿಲ್ಲ.

"ಕಾಕಾ, ಇವು ಮೊದಲೇ ದೊಡ್ಡವ ಅವ."

"ಛಂದಂಗ ನೋಡು. ಅಪ್ಡೇಟ್‌ದಾಗ ಏನರೆ ಆಗಿರಬೇಕು."

ಮತ್ತೆ ನೋಡಿದೆ. ಆಮೇಲೆ ಖಾಲಿ ಪುಟವೊಂದನ್ನು ತೆರೆದು ಅದರಲ್ಲಿ ಒಂದೇ ಒಂದು 'ಕ' ಬರೆದು, ಪರದೆ ತುಂಬುವಷ್ಟು ಹಿಗ್ಗಿಸಿದೆ. ಕಟ್ಟೆಯ ಮೇಲಿದ್ದ ಹೆಣ್ಣುಮಗಳಿಗೂ ಕಿಟಕಿಯಿಂದ ಕಾಣುವಂತಿತ್ತು.

"ಇದು?"

ಕಾಕಾ ಪರದೆಯ ಹತ್ತಿರ ಬಗ್ಗಿ ಮುಖವನ್ನು ಅತ್ತ ಇತ್ತ ಹೊರಳಿಸಿದರು. ಕಾಕೂ ಬಾಗಿಲಲ್ಲಿ ಬಂದು ನಿಂತಿದ್ದರು.

"ನಟ್ಟನಡಬರಕ ಕರ್ರಗ ಒಂದು ಕಲೆ ಅದವಾ," ಎಂದರು ಕಾಕಾ. "ಸುತ್ತಲಿಂದು ಕಾಣ್ತದ. ಗ್ವಾಡಿ ಕಾಣ್ತದ, ಕಿಡಕಿ ಕಾಣ್ತದ. ಯಾವದನ್ನ ನೋಡಬೇಕಂತೇನಿ ಅದೇ ಕಾಣಂಗಿಲ್ಲ."

"ಯಾವಾಗಿಂದ?"

"ದೀಪಾವಳಿ ಸುಮಾರ."

"ನಾ ಕಾಣ್ತೇನೇನ್ರಿ?"

"ನಿನ್ನ ಕಿವಿ ಕಾಣ್ತಾವ. ಜಡಿ ಕಾಣ್ತದ. ಮುಖ ಇಲ್ಲ." ಆಮೇಲೆ ಸ್ವಲ್ಪ ನಕ್ಕು, "ನಿನ್ನ ಕಾಕೂಂದೂ ಇಲ್ಲ," ಎಂದರು.

ಕಾಕೂ ಒಳಗೆ ಹೋದರು. ಅವರಿಗೂ ಗೊತ್ತಿರಲಿಲ್ಲವೆಂದು ಆಗ ನನಗೆ ತಿಳಿಯಿತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸಪ್ಪಳ ಬಹಳ ಹೊತ್ತು ಬರುತ್ತಿತ್ತು.

ಅಗರಖೇಡದ ಹೆಣ್ಣುಮಗಳಿಗೆ ಎಲ್ಲ ಕೇಳಿಸಿತ್ತು. ಎದ್ದು ಬಾಗಿಲಿಗೆ ಬಂದಳು. "ಇರ್ಲಿ ಬಿಡ್ರಿ ಅಜ್ಜಾರ. ಮೊದ್ಲ ಕಣ್ಣ ತೋರಿಸ್ಕೋರಿ. ನನ್ನ ಕಾಗದಾ ಏನ್ ಓಡಿ ಹೋಗತೈತಿ?"

ಅವಳು ಕೈ ಚಾಚಿದಳು. ಕಾಕಾ ಕಾಗದ ಕೊಡಲಿಲ್ಲ.

"ಕೂಡವಾ," ಎಂದು ಅವಳಿಗೆ ಹೇಳಿ ನನ್ನ ಕಡೆ ತಿರುಗಿದರು. "ನೀ ಅದನ್ನ ತೆರಿ. ಹ್ಯಾಂಗ ಕಾಣ್ತದ ಹಂಗ ಹೇಳ್ಕೋತ ಹೋಗು. ನಿನಗ ಓದ್ಲಿಕ್ಕೆ ಬರೂದು ಬ್ಯಾಡ, ಹೇಳ್ಲಿಕ್ಕೆ ಬಂದ್ರ ಸಾಕು."

ನಾನು ಹೇಳತೊಡಗಿದೆ. ಮೇಲೆ ಉದ್ದ ಗೆರೆ. ಅದರಿಂದ ಒಂದು ಕೊಕ್ಕೆ ಇಳಿದು ಎಡಕ್ಕೆ ಹೊರಳಿದೆ. ಪಕ್ಕದಲ್ಲಿ ಸೊನ್ನೆ, ಸೊನ್ನೆಗೆ ಬಾಲ. "ಬಾಲ ಮ್ಯಾಲಕ್ಕ ಹೋಗ್ಯದೊ ಕೆಳಗೊ?" ಕೆಳಗೆ. "ಹಂಗಾರ ಅದು ಅಲ್ಲ, ಇದು," ಎಂದು ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದು ತೋರಿಸುವರು. ಹೌದೆಂದರೆ ಮುಂದಿನದು. ಒಮ್ಮೊಮ್ಮೆ ಅರ್ಧ ಅಕ್ಷರ ಹೇಳುವುದರೊಳಗೆ ಇಡೀ ಶಬ್ದ ಅವರಿಗೆ ಸಿಗುತ್ತಿತ್ತು. ಒಂದೆಡೆ ನಾನು ಹೇಳಿದ್ದು ತಿಳಿಯದೆ ಬಹಳ ಒದ್ದಾಡಿದರು. "ಬರದಾಂವನ ಕೈ ಸುಮಾರದ," ಎಂದು ಬೈದರು. ಆಮೇಲೆ ಅದು ಮಸಿಯ ಕಲೆಯೆಂದು ನನಗೇ ಗೊತ್ತಾಯಿತು, ಹೇಳಿದೆ. ಮೂವರೂ ನಕ್ಕೆವು. ಅಷ್ಟರಲ್ಲಿ ಕಾಕೂ ಬಂದು ಅವರ ಬೆನ್ನ ಹಿಂದೆ ಕೂತಿದ್ದರು, ಅವರೂ ನಕ್ಕರು.

ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಬಾವಿಯ ಸಾಲು ಬಂತು. ಕಾಕಾ ಅದನ್ನು ಮರಾಠಿಯಲ್ಲಿ ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಆಮೇಲೆ ಕನ್ನಡದಲ್ಲಿ, ಕೋರ್ಟಿನಲ್ಲಿ ಓದುವಂತೆ ಹೇಳಿದರು: ಬಾವಿಯ ನೀರು ಇಬ್ಬರೂ ಅಣ್ಣತಮ್ಮಂದಿರ ಮನೆಗೆ, ಅವರ ಮಕ್ಕಳುಮರಿಗೆ, ಸರಿಸಮ. ಒಬ್ಬರು ಇನ್ನೊಬ್ಬರಿಗೆ ತಡೆ ಮಾಡತಕ್ಕದ್ದಲ್ಲ.

ಹೆಣ್ಣುಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಎಲ್ಲ ಟೈಪ್ ಮಾಡಿ ಕೊಟ್ಟೆ. ಕೆಳಗೆ ಸಹಿ ಹಾಕಲು ಕಾಕಾಗೆ ಜಾಗ ತೋರಿಸಿದೆ. ಬೆರಳು ಹಿಡಿದು ತೋರಿಸಬೇಕಾಯಿತು.

"ಮತ್ತ ಯಾರರೆ ಕೇಳಿದ್ರ ಇಲ್ಲಿಗೆ ಕಳಿಸಬ್ಯಾಡವಾ," ಎಂದರು ಅವಳಿಗೆ. "ನನ್ನ ಕೈಲೆ ಇನ್ನ ಆಗಂಗಿಲ್ಲ."

ಮರುವಾರ ವಿಜಯಪುರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಲು ನೋಡೋಣ ಎಂದರು ಡಾಕ್ಟರು. ಕಾಕಾ ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಬಸ್ ಸ್ಟ್ಯಾಂಡಿಗೆ ಎಲ್ಲರೂ ಕೂಡಿ ಬಂದೆವು. ಅಣ್ಣ ಇಂಡಿಯ ಬಸ್ಸು ವಿಚಾರಿಸಲು ಹೋದ. ನನ್ನ ಬಾಗೇವಾಡಿ ಬಸ್ಸು ಮೊದಲು ಹೊರಡುವುದಿತ್ತು. ಹತ್ತಿ ಕಿಟಕಿಯ ಹತ್ತಿರ ಕೂತೆ. ಕೆಳಗೆ ಕಾಕೂ ನನ್ನ ಕಡೆ ಕೈ ಬೀಸುತ್ತಿದ್ದರು. ಕಾಕಾ ಮಾತ್ರ ಅತ್ತ ತಿರುಗಿ, ಕಬ್ಬಿನ ಹಾಲಿನ ಅಂಗಡಿಯ ಕಡೆ ಮುಖ ಮಾಡಿ ನಿಂತಿದ್ದರು.

"ಆ ಕಡೆ ಅಲ್ರಿ, ಅಕಿ ಇಲ್ಲೆ ಕಿಡಕ್ಯಾಗ ಇದ್ದಾಳ," ಎಂದು ಕಾಕೂ ಅವರ ತೋಳು ಹಿಡಿದು ತಿರುಗಿಸಲು ನೋಡಿದರು.

"ಬಿಡ, ಗೊತ್ತದ ನನಗ," ಎಂದರು ಕಾಕಾ ಕದಲದೆ. "ನೆಟ್ಟಗ ನೋಡಿದ್ರ ಅಕಿ ಮುಖಾ ಹೋಗಿಬಿಡ್ತದ. ಹಿಂಗ ನಿಂತ್ರ ಕಾಣ್ತದ."

ಬಸ್ಸು ಹೊರಟು ಗೇಟು ದಾಟುವವರೆಗೂ ಕಾಕಾ ಕಬ್ಬಿನ ಹಾಲಿನ ಅಂಗಡಿಯ ಕಡೆ ಮುಖ ಮಾಡಿ, ನನ್ನನ್ನೇ ನೋಡುತ್ತ ನಿಂತಿದ್ದರು.